ಬಿಸಿನೆಸ್ ಪದವಿ: ಯಾವ ಕೋರ್ಸ್, ಯಾವ ವಿಶ್ವವಿದ್ಯಾಲಯ?

ಶಾಲಾ ಶಿಕ್ಷಣ ಮುಗಿಸಿ ವಾಣಿಜ್ಯ ಅಥವಾ ನಿರ್ವಹಣಾ ಕ್ಷೇತ್ರದಲ್ಲಿ ಪದವಿ ಪಡೆಯಬೇಕೆಂದು ನಿಶ್ಚಯಿಸಿದ ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಮೂರು ನಾಲ್ಕು ಆಯ್ಕೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಆದರೆ ಕೋರ್ಸ್ ತಾನು ಬಯಸಿದ್ದಲ್ಲ. ಇನ್ನೊಂದೆಡೆ ಬಯಸಿದ ಕೋರ್ಸ್ ಇದೆ, ಆದರೆ ಸಂಸ್ಥೆಯ ಹೆಸರನ್ನು ಬಂಧುಬಳಗದವರು ಯಾರೂ ಕೇಳಿಲ್ಲ. ಮತ್ತೊಂದೆಡೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಕೊಡುವುದಾಗಿ ಹೇಳುವ ಹೊಸ ಸಂಸ್ಥೆಯಿದೆ. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವವರ ಪ್ರಶ್ನೆಯಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳಿರುತ್ತವೆ: ಏನನ್ನು ಕಲಿಯಬೇಕು, ಮತ್ತು ಅದನ್ನು ಎಲ್ಲಿ ಕಲಿಯಬೇಕು. ಇವೆರಡನ್ನೂ ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಮೊದಲು ಕೋರ್ಸನ್ನು ಆರಿಸಿ, ಆಮೇಲೆ ವಿಶ್ವವಿದ್ಯಾಲಯವನ್ನು ಆರಿಸಬೇಕು ಎಂಬುದು ನನ್ನ ನಿಲುವು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ತಮ್ಮ ಮುಂದಿನ ವೃತ್ತಿಯನ್ನು ಖಚಿತವಾಗಿ ಹೇಳಬಲ್ಲವರು ಕೆಲವರೇ. ಹೀಗಾಗಿ ಪರೀಕ್ಷಿಸಿ ತೋರಿಸಬಹುದಾದ ಒಂದು ಕೌಶಲವನ್ನಾದರೂ ಗಟ್ಟಿಯಾಗಿ ಕಲಿಸುವ, ಮನಸ್ಸು ಬದಲಾದರೆ ಎರಡನೆಯ ವರ್ಷದಲ್ಲೂ ದಾರಿ ಬದಲಿಸಲು ಬಿಡುವ ಕೋರ್ಸ್ ಅವರಿಗೆ ಬೇಕು. ಮುಂದಿನ ಹೋಲಿಕೆಯನ್ನೆಲ್ಲ ಈ ನಿಲುವಿನಿಂದಲೇ ಮಾಡಿದ್ದೇನೆ.

ಯಾವ ಅಳತೆಗೋಲಿನಿಂದ ತೂಗಬೇಕು

ಮೊದಲನೆಯದು ಪಠ್ಯಕ್ರಮದ ತಿರುಳು. ಪದವಿಯ ಹೆಸರನ್ನು ನೋಡಿ ಒಳಗಿರುವುದನ್ನು ಊಹಿಸಬಾರದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1881ರಲ್ಲಿ ಆರಂಭವಾದ ವಾರ್ಟನ್ ಸ್ಕೂಲ್‌ನಲ್ಲಿ ಹಣಕಾಸು, ಮಾರ್ಕೆಟಿಂಗ್, ಲೆಕ್ಕಶಾಸ್ತ್ರ ಹೀಗೆ ಯಾವುದರಲ್ಲಿ ಪರಿಣತಿ ಪಡೆದರೂ ಪದವಿ ವಿದ್ಯಾರ್ಥಿಗೆ ದೊರೆಯುವುದು ಅರ್ಥಶಾಸ್ತ್ರದ ಬಿ.ಎಸ್. ಪದವಿಯೇ. ಇದಕ್ಕೆ ವಿರುದ್ಧವಾಗಿ, 'ಬಿಸಿನೆಸ್ ಅನಲಿಟಿಕ್ಸ್' ಎಂದು ದೊಡ್ಡದಾಗಿ ಹೆಸರಿಟ್ಟುಕೊಂಡ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರದ ಒಂದೇ ಒಂದು ಪತ್ರಿಕೆ ಇರುವುದೂ ಉಂಟು. ಆದ್ದರಿಂದ ಪ್ರತಿ ಸೆಮಿಸ್ಟರಿನ ವಿಷಯಪಟ್ಟಿಯನ್ನು ತರಿಸಿಕೊಂಡು, ಅದರಲ್ಲಿ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವಾಣಿಜ್ಯ ಕಾನೂನು ಮತ್ತು ದತ್ತಾಂಶ ವಿಶ್ಲೇಷಣೆ ಎಷ್ಟು ಆಳಕ್ಕೆ ಹೋಗುತ್ತವೆ, ಪ್ರಾಥಮಿಕ ಪತ್ರಿಕೆಯ ನಂತರ ಮುಂದುವರಿದ ಪತ್ರಿಕೆಗಳು ಇವೆಯೇ ಎಂಬುದನ್ನು ನೋಡಬೇಕು. 'ನಾಯಕತ್ವ', 'ವ್ಯಕ್ತಿತ್ವ ವಿಕಸನ', 'ಜಾಗತಿಕ ವ್ಯವಹಾರ ಪರಿಚಯ' ಎಂಬಂಥ ಪತ್ರಿಕೆಗಳೇ ಅರ್ಧಕ್ಕಿಂತ ಹೆಚ್ಚಿದ್ದರೆ ಅಂಥ ಕೋರ್ಸಿನ ಬಗ್ಗೆ ಎಚ್ಚರ ವಹಿಸುವುದು ಒಳ್ಳೆಯದು.

ಎರಡನೆಯದು ದಾರಿ ಬದಲಿಸುವ ಅವಕಾಶ. ವಿಶೇಷ ವಿಷಯವನ್ನು ಯಾವ ಹಂತದಲ್ಲಿ ಆರಿಸಬೇಕು, ಬೇರೆ ವಿಭಾಗದ ವಿಷಯಗಳನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದೇ, ಮತ್ತೊಂದು ವಿಶ್ವವಿದ್ಯಾಲಯಕ್ಕೆ, ಓದಿ ಮುಗಿಸಿದ ಪಾಠದ ಪ್ರಮಾಣವನ್ನು ಅಳೆಯುವ ಕ್ರೆಡಿಟ್‌ಗಳನ್ನು ವರ್ಗಾಯಿಸಿಕೊಳ್ಳಬಹುದೇ ಎಂಬುದು ಇಲ್ಲಿ ಬರುತ್ತದೆ. ಉನ್ನತ ಶಿಕ್ಷಣವನ್ನು ಪರಸ್ಪರ ಹೊಂದಿಸಲು ಯುರೋಪಿನ ದೇಶಗಳು ಮಾಡಿದ 1999ರ ಬೊಲೊನ್ಯಾ ಘೋಷಣೆಯ ನಂತರ ರೂಪುಗೊಂಡ ವ್ಯವಸ್ಥೆಯಲ್ಲಿ ಪದವಿಗೆ 180ರಿಂದ 240 ಕ್ರೆಡಿಟ್‌ಗಳಿರುತ್ತವೆ ಮತ್ತು ಒಂದು ಕ್ರೆಡಿಟ್ ಎಂದರೆ ಸುಮಾರು 25ರಿಂದ 30 ಗಂಟೆಗಳ ಕಲಿಕೆ ಎಂದು ಲೆಕ್ಕ ಹಾಕುತ್ತಾರೆ. ಕ್ರೆಡಿಟ್‌ನ ಅಳತೆ ಬೇರೆಯಾಗಿರುವ ಅಮೆರಿಕದಲ್ಲಿ ನಾಲ್ಕು ವರ್ಷಕ್ಕೆ ಸುಮಾರು 120 ಕ್ರೆಡಿಟ್‌ಗಳು. ಇಂಗ್ಲೆಂಡಿನ ಪದವಿ ಹೆಚ್ಚಾಗಿ ಮೂರು ವರ್ಷದ್ದು, ಸ್ಕಾಟ್ಲೆಂಡಿನದು ನಾಲ್ಕು ವರ್ಷದ್ದು. ಮೂರು ವರ್ಷದ ಕೋರ್ಸ್ ಒಂದು ವರ್ಷದ ಖರ್ಚನ್ನು ಉಳಿಸುತ್ತದೆ, ಆದರೆ ಮೊದಲ ದಿನದಿಂದಲೇ ವಿಷಯವನ್ನು ನಿಗದಿ ಮಾಡಿಬಿಡುತ್ತದೆ; ನಾಲ್ಕು ವರ್ಷದ್ದು ತಡವಾಗಿ ನಿರ್ಧರಿಸಲು ಬಿಡುತ್ತದೆ, ಆ ಬಿಡುವಿಗೆ ಒಂದು ವರ್ಷದ ಶುಲ್ಕವನ್ನೂ ಒಂದು ವರ್ಷದ ಗಳಿಕೆಯನ್ನೂ ಬೆಲೆಯಾಗಿ ಕೇಳುತ್ತದೆ.

ಮೂರನೆಯದು ಪದವಿಯ ಆಚೆಗಿನ ವೃತ್ತಿಪರ ಅರ್ಹತೆಗಳಿಗೆ ಸಿಗುವ ನೆರವು, ನಾಲ್ಕನೆಯದು ಓದುವಾಗಲೇ ದೊರೆಯುವ ಕೆಲಸದ ಅನುಭವ, ಐದನೆಯದು ಒಟ್ಟು ವೆಚ್ಚ ಹಾಗೂ ಸಾಲ. ಆರನೆಯದಾಗಿ, ಪದವಿಗೆ ಆಯಾ ದೇಶದ ಶಿಕ್ಷಣ ನಿಯಂತ್ರಣ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದು. ಈ ಆರನೆಯದರಲ್ಲಿ ತೂಗಿ ನೋಡುವಂಥದ್ದು ಏನೂ ಇಲ್ಲ. ಮಾನ್ಯತೆ ಇಲ್ಲದ ಕೋರ್ಸನ್ನು ಉಳಿದ ಐದರಲ್ಲೂ ಮುಂದಿದ್ದರೂ ಪಟ್ಟಿಯಿಂದ ತೆಗೆದುಹಾಕಬೇಕು, ಏಕೆಂದರೆ ಮುಂದೆ ಸ್ನಾತಕೋತ್ತರ ಪ್ರವೇಶಕ್ಕೋ ಸರ್ಕಾರಿ ಕೆಲಸಕ್ಕೋ ಪರವಾನಗಿ ಪರೀಕ್ಷೆಗೋ ಹೋದಾಗ ಆ ಪದವಿ ಇಲ್ಲದ್ದಕ್ಕೆ ಸಮ.

ಕೋರ್ಸ್‌ಗಳ ಹೋಲಿಕೆ

ಸಾಮಾನ್ಯ ನಿರ್ವಹಣಾ ಪದವಿ, ಅಂದರೆ ಬಿಬಿಎ ಮತ್ತು ಅದರ ಸಮಾನ ಕೋರ್ಸ್‌ಗಳು, ಅತಿ ಹೆಚ್ಚು ಜನರನ್ನು ಸೆಳೆಯುತ್ತವೆ. ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಹಣಕಾಸು, ಕಾರ್ಯಾಚರಣೆ ಎಲ್ಲದರ ಪರಿಚಯ ಇದರಲ್ಲಿ ಸಿಗುತ್ತದೆ. ಒಂದು ಸಂಸ್ಥೆಯ ವಿಭಾಗಗಳು ಹೇಗೆ ಒಂದರ ಮೇಲೊಂದು ಅವಲಂಬಿಸಿವೆ ಎಂಬ ಸಮಗ್ರ ಚಿತ್ರ ಮೂಡುತ್ತದೆ. ಗುಂಪಿನಲ್ಲಿ ಕೆಲಸ ಮಾಡುವುದು, ವಿಷಯ ಮಂಡಿಸುವುದು ರೂಢಿಯಾಗುತ್ತದೆ. ಇದರ ದೌರ್ಬಲ್ಯವೂ ಈ ವಿಸ್ತಾರದಲ್ಲೇ ಇದೆ. ಎಲ್ಲದರ ಪರಿಚಯವಿದ್ದು ಯಾವುದರಲ್ಲೂ ಆಳವಿಲ್ಲದ ಅಭ್ಯರ್ಥಿಗೆ ಮೊದಲ ಕೆಲಸದ ಸಂದರ್ಶನದಲ್ಲಿ ತನ್ನ ವಿಶೇಷವೇನೆಂದು ಹೇಳುವುದು ಕಷ್ಟ. ಅನುಭವವಿಲ್ಲದ ಇಪ್ಪತ್ತೊಂದರ ಹರೆಯದವರನ್ನು ಯಾರೂ ನೇರವಾಗಿ ನಿರ್ವಾಹಕರನ್ನಾಗಿ ನೇಮಿಸಿಕೊಳ್ಳುವುದಿಲ್ಲ. ಲೆಕ್ಕ ನೋಡಲು, ದತ್ತಾಂಶ ವಿಶ್ಲೇಷಿಸಲು, ಮಾರಾಟ ಮಾಡಲು, ಸರಕಿನ ಚಲನೆಯನ್ನು ಯೋಜಿಸಲು ನೇಮಿಸಿಕೊಳ್ಳುತ್ತಾರೆ. ಆದ್ದರಿಂದ ಬಿಬಿಎ ಆರಿಸುವವರು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಒಂದು ವಿಷಯದಲ್ಲಿ ಕನಿಷ್ಠ ನಾಲ್ಕೈದು ಪತ್ರಿಕೆಗಳಷ್ಟು ಆಳಕ್ಕಿಳಿಯಲು ಅವಕಾಶವಿರುವ ಕಡೆಗೇ ಹೋಗಬೇಕು.

ಇನ್ನೂ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಮುಂದೆ ಎಂಬಿಎ ಮಾಡುವ ಖಚಿತ ಉದ್ದೇಶವಿರುವವರು ಬಿಬಿಎ ಮಾಡಿದರೆ ಎಂಬಿಎಯ ಮೊದಲ ವರ್ಷದ ಬಹುಪಾಲು ವಿಷಯಗಳನ್ನು ಎರಡನೆಯ ಬಾರಿ ಓದಿದಂತಾಗುತ್ತದೆ. ಪ್ರಮುಖ ಎಂಬಿಎ ಕೋರ್ಸ್‌ಗಳು ಕೆಲವು ವರ್ಷಗಳ ಕೆಲಸದ ಅನುಭವವನ್ನು ನಿರೀಕ್ಷಿಸುತ್ತವೆ ಮತ್ತು ಯಾವುದೇ ವಿಷಯದ ಪದವೀಧರರನ್ನು ತೆಗೆದುಕೊಳ್ಳುತ್ತವೆ. ಅಂಥವರಿಗೆ ಅರ್ಥಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ಅಥವಾ ತಾವು ಮನಸಾರೆ ಓದಬಲ್ಲ ಬೇರೊಂದು ವಿಷಯದ ಪದವಿ ಹೆಚ್ಚು ಉಪಯುಕ್ತವಾದೀತು.

ಲೆಕ್ಕಶಾಸ್ತ್ರ ಪ್ರಧಾನವಾದ ಬಿ.ಕಾಂ. ಅಥವಾ ಅಕೌಂಟಿಂಗ್ ಪದವಿಯನ್ನು ನೀರಸವೆಂದು ಹಲವರು ಬದಿಗಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಹಾಕಿದ ಹಣಕ್ಕೆ ಅತ್ಯಂತ ಭದ್ರವಾದ ಪ್ರತಿಫಲ ಕೊಡುವ ಆಯ್ಕೆ ಇದೇ. ಹಣಕಾಸು ವರದಿಯನ್ನು ಓದಿ ಅರ್ಥ ಮಾಡಿಕೊಳ್ಳುವ ಸಾಮರ್ಥ್ಯ ಯಾವ ಉದ್ಯಮಕ್ಕೆ ಹೋದರೂ ಕೆಲಸಕ್ಕೆ ಬರುತ್ತದೆ, ಸ್ವಂತ ಉದ್ಯಮ ನಡೆಸುವವರಿಗಂತೂ ಅದಿಲ್ಲದೆ ಸಾಗದು. ಅದಕ್ಕಿಂತ ಮುಖ್ಯವಾಗಿ, ಈ ಪದವಿಯ ಮೌಲ್ಯ ವಿಶ್ವವಿದ್ಯಾಲಯದ ಹೆಸರಿನ ಮೇಲೆ ಅಷ್ಟಾಗಿ ನಿಂತಿಲ್ಲ, ಏಕೆಂದರೆ ಕೊನೆಗೆ ಅರ್ಹತೆಯನ್ನು ತೀರ್ಮಾನಿಸುವುದು ವೃತ್ತಿಪರ ಸಂಸ್ಥೆಗಳ ಪರೀಕ್ಷೆ. ಆ ಪರೀಕ್ಷೆಯನ್ನು ಪ್ರಸಿದ್ಧ ಕಾಲೇಜಿನವರೂ ಸಣ್ಣ ಊರಿನ ಕಾಲೇಜಿನವರೂ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಬರೆಯುತ್ತಾರೆ. ಬ್ರಿಟನ್ ಮೂಲದ ಲೆಕ್ಕಿಗರ ಸಂಸ್ಥೆಯಾದ ಎಸಿಸಿಎ ನೀಡುವ ಅರ್ಹತೆಯ ಈಗಿನ ವ್ಯವಸ್ಥೆಯಲ್ಲಿ 13 ಪರೀಕ್ಷೆಗಳಿದ್ದು, ಅದರ ಮಾನ್ಯತೆ ಪಡೆದ ಪದವಿಗಳನ್ನು ಓದಿದವರಿಗೆ ಗರಿಷ್ಠ 9 ಪರೀಕ್ಷೆಗಳಿಂದ ವಿನಾಯಿತಿ ಸಿಗುತ್ತದೆ. ಅಮೆರಿಕದಲ್ಲಿ ಲೆಕ್ಕಿಗರಿಗೆ ನೀಡುವ ಸಿಪಿಎ ಪರವಾನಗಿಗೆ ಬಹುಕಾಲದಿಂದ 150 ಕ್ರೆಡಿಟ್‌ಗಳ ಓದು ಬೇಕಾಗಿದ್ದು, ನಾಲ್ಕು ವರ್ಷದ 120 ಕ್ರೆಡಿಟ್‌ಗಳ ಪದವಿ ಅದಕ್ಕೆ ಸಾಲುತ್ತಿರಲಿಲ್ಲ. ಇತ್ತೀಚೆಗೆ ಹಲವು ರಾಜ್ಯಗಳು ಹೆಚ್ಚುವರಿ ಕ್ರೆಡಿಟ್‌ಗಳ ಬದಲಿಗೆ ಹೆಚ್ಚಿನ ಕೆಲಸದ ಅನುಭವವನ್ನು ಒಪ್ಪುವ ದಾರಿಯನ್ನೂ ತೆರೆದಿವೆ. ಇದೇ ಪದವಿಯ ಎರಡು ಕೋರ್ಸ್‌ಗಳ ನಡುವೆ ತೊಳಲಾಡುವವರು, ಯಾವುದಕ್ಕೆ ಎಷ್ಟು ಪರೀಕ್ಷೆಗಳ ವಿನಾಯಿತಿ ಇದೆ ಎಂಬುದನ್ನು ವೃತ್ತಿಪರ ಸಂಸ್ಥೆಯಲ್ಲೇ ವಿಚಾರಿಸಬೇಕು. ಕಾಲೇಜಿನ ಕೈಪಿಡಿಯ ಮಾತನ್ನಷ್ಟೇ ನಂಬಬಾರದು. ಈ ಆಯ್ಕೆಯಲ್ಲಿ ತೊಂದರೆಯೂ ಇಲ್ಲದಿಲ್ಲ. ಪದವಿಯ ನಂತರವೂ ಕೆಲವು ವರ್ಷ ಕೆಲಸದ ಜೊತೆಗೆ ಪರೀಕ್ಷೆಗೆ ಓದುವ ಶ್ರಮಕ್ಕೆ ಸಿದ್ಧರಿರಬೇಕು. ನಿಯಮ ಮತ್ತು ವಿವರಗಳಲ್ಲಿ ಆಸಕ್ತಿಯಿಲ್ಲದವರಿಗೆ ಅದು ಬೇಗನೆ ಬೇಸರ ತರಿಸುತ್ತದೆ.

ಹಣಕಾಸು ಮತ್ತು ದತ್ತಾಂಶ ವಿಶ್ಲೇಷಣೆಯ ವಿಶೇಷ ಪದವಿಗಳು ಗಣಿತದಲ್ಲಿ ಗಟ್ಟಿಯಿರುವವರಿಗೆ ಸರಿ. ಆರಂಭದ ವೇತನ ಚೆನ್ನಾಗಿರುವ ಕೆಲಸಗಳಿಗೆ ಇವು ದಾರಿ ಮಾಡಿಕೊಡುತ್ತವಾದರೂ ಅಲ್ಲಿ ಪೈಪೋಟಿ ತೀವ್ರ, ಕಂಪನಿಗಳಿಗೆ ಬಂಡವಾಳ ಹೊಂದಿಸಿಕೊಡುವ ಹೂಡಿಕೆ ಬ್ಯಾಂಕುಗಳಂಥ ಕೆಲವು ಕ್ಷೇತ್ರಗಳು ಆಯ್ದ ಕೆಲವೇ ವಿಶ್ವವಿದ್ಯಾಲಯಗಳಿಂದ ಹೆಚ್ಚಾಗಿ ನೇಮಿಸಿಕೊಳ್ಳುವುದರಿಂದ ಸಂಸ್ಥೆಯ ಹೆಸರು ಇಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಹೆಸರಿನ ಬಲವಿಲ್ಲದ ಕಾಲೇಜಿನಲ್ಲಿ ಈ ವಿಷಯ ಓದುವವರು ಅದನ್ನು ಬೇರೆ ಪ್ರಮಾಣದಿಂದ ತುಂಬಿಕೊಳ್ಳಬೇಕಾಗುತ್ತದೆ. ಹೂಡಿಕೆ ವಿಶ್ಲೇಷಕರಿಗಾಗಿ ಇರುವ ಮೂರು ಹಂತಗಳ ಸಿಎಫ್‌ಎ ಅರ್ಹತೆಯ ಮೊದಲ ಹಂತವನ್ನು ಪದವಿ ಮುಗಿಯಲು 23 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿ ಉಳಿದಿರುವಾಗಲೇ ಬರೆಯಬಹುದು. ಆ ಅವಕಾಶವನ್ನು ಬಳಸಿಕೊಳ್ಳುವುದು ಒಂದು ದಾರಿ.

ಬಿಸಿನೆಸ್ ಪದವಿಯನ್ನೇ ಓದಬೇಕೆಂದು ಹಟ ಹಿಡಿದವರು ಅರ್ಥಶಾಸ್ತ್ರವನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಬೇಕು. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಹಾರ್ವರ್ಡ್ ಮತ್ತು ಸ್ಟ್ಯಾನ್‌ಫರ್ಡ್‌ನ ಜಗತ್ಪ್ರಸಿದ್ಧ ಬಿಸಿನೆಸ್ ಸ್ಕೂಲ್‌ಗಳಲ್ಲಿ ಸ್ನಾತಕ ಪದವಿಯೇ ಇಲ್ಲ. ಅವು ಸ್ನಾತಕೋತ್ತರ ಶಾಲೆಗಳು. ಆಕ್ಸ್‌ಫರ್ಡ್‌ನಲ್ಲಿ ನಿರ್ವಹಣೆಯನ್ನು ಅರ್ಥಶಾಸ್ತ್ರದ ಜೊತೆಗೆ ಸೇರಿಸಿ ಮೂರು ವರ್ಷದ ಪದವಿಯಾಗಿ ಕಲಿಸುತ್ತಾರೆ, ಕೇಂಬ್ರಿಜ್‌ನಲ್ಲಿ ಬೇರೆ ವಿಷಯವನ್ನು ಓದಿದವರು ಕೊನೆಯ ಹಂತದಲ್ಲಿ ಒಂದು ವರ್ಷ ನಿರ್ವಹಣೆಯನ್ನು ಓದಬಹುದು. ಇಂಥ ಸಂಸ್ಥೆಗಳು ಪದವಿ ಹಂತದಲ್ಲಿ ಮೂಲ ವಿಷಯವೊಂದರ ಶಿಸ್ತಿಗೆ ಪ್ರಾಶಸ್ತ್ಯ ಕೊಟ್ಟಿರುವುದನ್ನು ಆಯ್ಕೆ ಮಾಡುವವರು ಗಮನಿಸಬೇಕು. ಅರ್ಥಶಾಸ್ತ್ರದಿಂದ ಬ್ಯಾಂಕಿಂಗ್, ಸಲಹಾ ಸಂಸ್ಥೆ, ಸರ್ಕಾರಿ ಸೇವೆ, ಸಂಶೋಧನೆ, ಕಾನೂನು ಎಲ್ಲ ಕಡೆಗೂ ಹೋಗಬಹುದು. ಆದರೆ ಕಲನಶಾಸ್ತ್ರ ಹಾಗೂ ಸಂಖ್ಯಾಶಾಸ್ತ್ರದ ಭಾರವನ್ನು ಹೊರಬೇಕು, ಮತ್ತು ನಾಳೆಯೇ ಕಚೇರಿಯಲ್ಲಿ ಬಳಸಬಹುದಾದ ಕೌಶಲವನ್ನು ಅದು ತಾನಾಗಿ ಕಲಿಸುವುದಿಲ್ಲ. ಒಂದೆರಡು ಲೆಕ್ಕಶಾಸ್ತ್ರದ ಪತ್ರಿಕೆಗಳನ್ನು ಐಚ್ಛಿಕವಾಗಿ ಸೇರಿಸಿಕೊಂಡರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಕೆಲಸವನ್ನೂ ಓದನ್ನೂ ಬೆಸೆಯುವ ಕೋರ್ಸ್‌ಗಳನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಆರಂಭವಾದ ಈ ಕೋ-ಆಪ್ ಪದ್ಧತಿಯನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ತನ್ನ ಸ್ಥಾಪನೆಯ ಕಾಲದಿಂದಲೇ ಅಳವಡಿಸಿಕೊಂಡಿತು. ಅಲ್ಲಿ ಓದಿನ ಅವಧಿ ಮತ್ತು ವೇತನ ಸಹಿತ ಕೆಲಸದ ಅವಧಿ ಒಂದರ ನಂತರ ಒಂದರಂತೆ ಬರುತ್ತವೆ. ಬ್ರಿಟನ್ನಿನ 'ಸ್ಯಾಂಡ್‌ವಿಚ್' ಪದವಿಯಲ್ಲಿ ಕೊನೆಯ ವರ್ಷಕ್ಕೆ ಮುನ್ನ ಒಂದು ಪೂರ್ತಿ ವರ್ಷ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಜರ್ಮನಿಯ ದ್ವಿಮುಖ (ಡ್ಯುಯಲ್) ಶಿಕ್ಷಣದಲ್ಲಿ ವಿದ್ಯಾರ್ಥಿಗೆ ಮೊದಲೇ ಒಂದು ಕಂಪನಿಯೊಡನೆ ಒಪ್ಪಂದವಾಗಿರುತ್ತದೆ. ಬಾಡೆನ್-ವುರ್ಟೆಂಬರ್ಗ್‌ನ ದ್ವಿಮುಖ ಶಿಕ್ಷಣದ ವಿಶ್ವವಿದ್ಯಾಲಯದಲ್ಲಿ ಸುಮಾರು ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ ಎಂಬ ಕ್ರಮವಿದ್ದು, ಇಡೀ ಅವಧಿಗೆ ಕಂಪನಿ ಸಂಬಳ ಕೊಡುತ್ತದೆ. ಇವುಗಳಲ್ಲಿ ರಜೆ ಕಡಿಮೆ, ಒತ್ತಡ ಹೆಚ್ಚು, ಕೆಲವೊಮ್ಮೆ ಪದವಿ ಮುಗಿಯಲು ಒಂದು ವರ್ಷ ತಡವಾಗುತ್ತದೆ. ಆದರೆ ಮಾರ್ಕೆಟಿಂಗ್ ತನಗೆ ಒಗ್ಗುವುದಿಲ್ಲವೆಂದು ಪದವಿ ಪಡೆದ ಮೇಲೆ ತಿಳಿಯುವುದಕ್ಕಿಂತ ಎರಡನೆಯ ವರ್ಷದ ನಾಲ್ಕು ತಿಂಗಳ ಕೆಲಸದಲ್ಲಿ ತಿಳಿಯುವುದು ಎಷ್ಟೋ ಮೇಲು. ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ಕೆಲಸವನ್ನು ವಿಶ್ವವಿದ್ಯಾಲಯ ಹುಡುಕಿಕೊಡುತ್ತದೆಯೇ, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕೇ, ಸಿಗದಿದ್ದರೆ ಏನಾಗುತ್ತದೆ?

ಐದು ವರ್ಷದ ಸಂಯೋಜಿತ ಕೋರ್ಸ್‌ಗಳು, ಅಂದರೆ ಐಐಎಂ ಇಂದೋರ್ 2011ರಲ್ಲಿ ಆರಂಭಿಸಿದ ಐಪಿಎಂನಂಥವು, ಹದಿನೆಂಟರ ವಯಸ್ಸಿಗೇ ಸ್ನಾತಕೋತ್ತರ ಪದವಿಯವರೆಗಿನ ದಾರಿಯನ್ನು ಭದ್ರಪಡಿಸುತ್ತವೆ. ಮತ್ತೊಂದು ಪ್ರವೇಶ ಪರೀಕ್ಷೆಯ ಚಿಂತೆ ತಪ್ಪುತ್ತದೆ. ಆದರೆ ಕೆಲಸದ ಅನುಭವವಿಲ್ಲದೆಯೇ ನಿರ್ವಹಣೆಯ ಉನ್ನತ ಹಂತದ ಓದು ನಡೆದುಹೋಗುತ್ತದೆ, ಐದು ವರ್ಷದ ಶುಲ್ಕ ಮೊದಲೇ ತಲೆಯ ಮೇಲೆ ಬರುತ್ತದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವಿರುವ ಸಂಯೋಜಿತ ಕೋರ್ಸನ್ನು, ಆ ಅವಕಾಶವಿಲ್ಲದ್ದಕ್ಕಿಂತ ಯಾವಾಗಲೂ ಮೇಲೆಂದು ಪರಿಗಣಿಸಬೇಕು.

ದೂರಶಿಕ್ಷಣವನ್ನು ಕೀಳಾಗಿ ಕಾಣುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಲಂಡನ್ ವಿಶ್ವವಿದ್ಯಾಲಯ 1858ರಿಂದಲೂ ದೂರದಲ್ಲಿರುವ ವಿದ್ಯಾರ್ಥಿಗಳಿಗೆ ಪದವಿ ನೀಡುತ್ತಿದೆ, ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಸ್ಥಾಪನೆಯಾಯಿತು. ಕೆಲಸ ಮಾಡುತ್ತಲೇ ಓದಬೇಕಾದವರಿಗೆ ಇದಕ್ಕಿಂತ ಮಿತವ್ಯಯದ ದಾರಿಯಿಲ್ಲ. ಸಹಪಾಠಿಗಳ ಒಡನಾಟ, ಕ್ಯಾಂಪಸ್ ನೇಮಕಾತಿ ಸಿಗುವುದಿಲ್ಲ. ಸ್ವಂತ ಶಿಸ್ತಿಲ್ಲದವರು ಅರ್ಧಕ್ಕೆ ಬಿಡುವ ಸಾಧ್ಯತೆ ಹೆಚ್ಚು.

ವಿಶ್ವವಿದ್ಯಾಲಯವನ್ನು ನೋಡುವ ಬಗೆ

ಕೋರ್ಸ್ ನಿಶ್ಚಯವಾದ ಮೇಲೆ ಎಲ್ಲರೂ ಮೊದಲು ಕೈಹಾಕುವುದು ರ‍್ಯಾಂಕಿಂಗ್ ಪಟ್ಟಿಗೆ. ಆ ಪಟ್ಟಿ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿಯದೆ ಅದನ್ನು ಬಳಸಬಾರದು. ಕ್ಯೂಎಸ್ ಸಂಸ್ಥೆಯ ಜಾಗತಿಕ ಪಟ್ಟಿಯಲ್ಲಿ 2024ರ ಆವೃತ್ತಿಯಿಂದ ಶೇ. 30ರಷ್ಟು ಅಂಕ ಅಧ್ಯಾಪಕ ವರ್ಗದಲ್ಲಿನ ಖ್ಯಾತಿಗೆ, ಶೇ. 20 ಸಂಶೋಧನಾ ಉಲ್ಲೇಖಗಳಿಗೆ, ಶೇ. 15 ಉದ್ಯೋಗದಾತರಲ್ಲಿನ ಖ್ಯಾತಿಗೆ ಮೀಸಲಾಗಿದೆ. ಪದವೀಧರರ ಉದ್ಯೋಗ ಫಲಿತಾಂಶಕ್ಕೆ ಇರುವುದು ಶೇ. 5 ಮಾತ್ರ. ಅಮೆರಿಕದ ಯು.ಎಸ್. ನ್ಯೂಸ್ ಪತ್ರಿಕೆಯ ಸ್ನಾತಕ ಬಿಸಿನೆಸ್ ಪಟ್ಟಿ ರೂಪುಗೊಳ್ಳುವುದು ಇತರ ಬಿಸಿನೆಸ್ ಸ್ಕೂಲ್‌ಗಳ ಡೀನ್ ಮತ್ತು ಹಿರಿಯ ಅಧ್ಯಾಪಕರ ಅಭಿಪ್ರಾಯದಿಂದ. ಮೊದಲ ವರ್ಷದ ಲೆಕ್ಕಶಾಸ್ತ್ರವನ್ನು ತರಗತಿಯಲ್ಲಿ ಎಷ್ಟು ಚೆನ್ನಾಗಿ ಕಲಿಸುತ್ತಾರೆ ಎಂಬುದಕ್ಕೆ ಇವು ನೇರ ಉತ್ತರ ಕೊಡುವುದಿಲ್ಲ. ಸಂಸ್ಥೆಗಳೇ ಕೊಡುವ ಅಂಕಿಅಂಶಗಳನ್ನು ಆಧರಿಸಿದ ಪಟ್ಟಿಗಳಲ್ಲಿ ಇನ್ನೊಂದು ಅಪಾಯವಿದೆ: ಟೆಂಪಲ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್‌ನ ಮಾಜಿ ಡೀನ್ ಒಬ್ಬರು ರ‍್ಯಾಂಕಿಂಗ್‌ಗಾಗಿ ಸುಳ್ಳು ಅಂಕಿಅಂಶ ಸಲ್ಲಿಸಿದ ಪ್ರಕರಣದಲ್ಲಿ 2021ರಲ್ಲಿ ಫೆಡರಲ್ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು.

ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಇಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಪ್ರವೇಶ ಪಡೆದ ಸಮಾನ ಸಾಮರ್ಥ್ಯದ ವಿದ್ಯಾರ್ಥಿಗಳಲ್ಲಿ, ಕಠಿಣ ಪೈಪೋಟಿಯ ಕಾಲೇಜಿಗೆ ಸೇರಿದವರಿಗೂ ಅಷ್ಟು ಪೈಪೋಟಿಯಿಲ್ಲದ ಕಾಲೇಜಿಗೆ ಸೇರಿದವರಿಗೂ ಮುಂದಿನ ಗಳಿಕೆಯಲ್ಲಿ ಸರಾಸರಿಯಾಗಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಸರಾಂತ ಕಾಲೇಜಿನಿಂದ ಸ್ಪಷ್ಟ ಲಾಭವಾಗಿತ್ತು. ರಾಜ್ ಚೆಟ್ಟಿ ಮತ್ತು ಸಂಗಡಿಗರು 2023ರಲ್ಲಿ ಹೊರತಂದ ಅಧ್ಯಯನವೂ ಅತ್ಯುನ್ನತ ಖಾಸಗಿ ವಿಶ್ವವಿದ್ಯಾಲಯಗಳು ಸರಾಸರಿ ಗಳಿಕೆಯನ್ನು ಹೆಚ್ಚು ಬದಲಿಸುವುದಿಲ್ಲ, ಆದರೆ ಗಳಿಕೆಯ ತೀರಾ ಮೇಲಿನ ಶೇ. 1ರ ಗುಂಪನ್ನು ಮತ್ತು ಪ್ರತಿಷ್ಠಿತ ಕಂಪನಿಗಳನ್ನು ತಲುಪುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂದು ತೋರಿಸಿತು. ಇವೆರಡೂ ಒಂದು ದೇಶದ ಅಧ್ಯಯನಗಳಾದರೂ ನಮ್ಮ ನಿರ್ಧಾರಕ್ಕೆ ಒಂದು ಹೊಳಹನ್ನು ಕೊಡುತ್ತವೆ. ಮನೆಯಲ್ಲಿ ಸಂಪರ್ಕ, ಮಾರ್ಗದರ್ಶನ, ಬಂಡವಾಳ ಯಾವುದೂ ಇಲ್ಲದ ವಿದ್ಯಾರ್ಥಿಗೆ ಅದನ್ನು ವಿಶ್ವವಿದ್ಯಾಲಯವೇ ಒದಗಿಸಬೇಕಾಗುವುದರಿಂದ, ಅಂಥವರಿಗೆ ವಿದ್ಯಾರ್ಥಿವೇತನದ ಸಹಿತ ಹೆಸರಾಂತ ಸಂಸ್ಥೆಯಲ್ಲಿ ಸೀಟು ಸಿಕ್ಕರೆ ಬಿಡಬಾರದು. ಕುಟುಂಬದ ಬೆಂಬಲ ಚೆನ್ನಾಗಿರುವವರು ಅದೇ ಹೆಸರಿಗಾಗಿ ಇಷ್ಟವಿಲ್ಲದ ಕೋರ್ಸನ್ನು ಒಪ್ಪಿಕೊಳ್ಳುವ ಅಗತ್ಯ ಅಷ್ಟಾಗಿಲ್ಲ.

ಬಿಸಿನೆಸ್ ಸ್ಕೂಲ್‌ಗಳು ತಮ್ಮ ಅಂತರರಾಷ್ಟ್ರೀಯ ಮನ್ನಣೆಯನ್ನೂ ಮುಂದಿಡುತ್ತವೆ. 1916ರಲ್ಲಿ ಸ್ಥಾಪನೆಯಾದ ಎಎಸಿಎಸ್‌ಬಿ, ಯುರೋಪಿನ ಎಕ್ವಿಸ್, ಲಂಡನ್ ಮೂಲದ ಆಂಬಾ ಈ ಮೂರರ ಮನ್ನಣೆಯನ್ನೂ ಪಡೆದ ಸಂಸ್ಥೆಗೆ 'ತ್ರಿವಳಿ ಕಿರೀಟ' ಸಿಕ್ಕಿದೆ ಎನ್ನುತ್ತಾರೆ. ಇವುಗಳಲ್ಲಿ ಆಂಬಾ ಪರಿಶೀಲಿಸುವುದು ಮುಖ್ಯವಾಗಿ ಎಂಬಿಎ ಮತ್ತು ಇತರ ಸ್ನಾತಕೋತ್ತರ ಕೋರ್ಸ್‌ಗಳನ್ನು. ಪದವಿ ವಿದ್ಯಾರ್ಥಿಗೆ ಅದರಿಂದ ನೇರ ಪ್ರಯೋಜನವಿಲ್ಲ. ಎಎಸಿಎಸ್‌ಬಿ ಅಥವಾ ಎಕ್ವಿಸ್ ಇರುವುದು ಒಳ್ಳೆಯ ಲಕ್ಷಣ, ವಿಶೇಷವಾಗಿ ಮುಂದೆ ಬೇರೆ ದೇಶದಲ್ಲಿ ಓದುವ ಯೋಚನೆಯಿದ್ದರೆ. ಅದಿಲ್ಲದ ಕಾರಣಕ್ಕೆ ಒಳ್ಳೆಯ ಸಾರ್ವಜನಿಕ ವಿಶ್ವವಿದ್ಯಾಲಯವನ್ನು ತಳ್ಳಿಹಾಕಬೇಕಾಗಿಲ್ಲ.

ಪ್ಲೇಸ್‌ಮೆಂಟ್ ಅಂಕಿಗಳನ್ನು ಓದುವಾಗ ಹೆಚ್ಚಿನ ಜಾಗ್ರತೆ ಬೇಕು. ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿಗೆ 4ರಂತೆ ವೇತನ ಸಿಕ್ಕಿ ಒಬ್ಬನಿಗೆ 44 ಸಿಕ್ಕಿದರೆ ಸರಾಸರಿ 8 ಆಗುತ್ತದೆ. ಆ 8 ಅಲ್ಲಿ ಯಾರ ವೇತನವೂ ಅಲ್ಲ. ವೇತನಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿಯನ್ನು, ಅಂದರೆ ಮಧ್ಯಾಂಕವನ್ನು ಕೇಳಬೇಕು. ಅದೇ ರೀತಿ 'ಶೇ. 90ರಷ್ಟು ಪ್ಲೇಸ್‌ಮೆಂಟ್' ಎಂದರೆ ಯಾರಲ್ಲಿ ಶೇ. 90 ಎಂದು ಕೇಳಬೇಕು. ಪದವಿ ಪಡೆದ 200 ಮಂದಿಯಲ್ಲಿ 100 ಮಂದಿಯಷ್ಟೇ ಪ್ಲೇಸ್‌ಮೆಂಟ್‌ಗೆ ಹೆಸರು ನೋಂದಾಯಿಸಿ ಅವರಲ್ಲಿ 90 ಮಂದಿಗೆ ಕೆಲಸ ಸಿಕ್ಕರೂ ಈ ಮಾತನ್ನು ಹೇಳಬಹುದು, ವಾಸ್ತವದಲ್ಲಿ ಅದು ಶೇ. 45. ಎಂಬಿಎ ವಿದ್ಯಾರ್ಥಿಗಳ ಅಂಕಿಗಳನ್ನು ಪದವಿ ವಿದ್ಯಾರ್ಥಿಗಳ ಅಂಕಿಗಳೊಂದಿಗೆ ಬೆರೆಸಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಇನ್ನು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ ಸೇರಿದ ಮಾತ್ರಕ್ಕೆ ಅಲ್ಲಿನ ಬಿಸಿನೆಸ್ ಕಾಲೇಜಿಗೆ ಸೇರಿದಂತಾಗುವುದಿಲ್ಲ. ಒಂದೆರಡು ವರ್ಷ ಸಾಮಾನ್ಯ ವಿಷಯಗಳನ್ನು ಓದಿದ ನಂತರ ಅಂಕಗಳ ಆಧಾರದ ಮೇಲೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ, ಸೀಟು ಸಿಗದಿದ್ದರೆ ಬೇರೆ ವಿಷಯಕ್ಕೆ ಹೊರಳಬೇಕಾಗುತ್ತದೆ. ನೇರ ಪ್ರವೇಶವಿರುವ ಕಡಿಮೆ ಪ್ರಸಿದ್ಧ ಸಂಸ್ಥೆ ಮತ್ತು ಇಂಥ ಅನಿಶ್ಚಿತತೆಯಿರುವ ಪ್ರಸಿದ್ಧ ಸಂಸ್ಥೆ ಎರಡೂ ಮುಂದಿದ್ದಾಗ, ಬೇರೆ ವಿಷಯವನ್ನೂ ಸಂತೋಷದಿಂದ ಓದಬಲ್ಲವರು ಮಾತ್ರ ಎರಡನೆಯದನ್ನು ಆರಿಸಬೇಕು.

ವೆಚ್ಚ ಮತ್ತು ಸಾಲ

ಶುಲ್ಕವನ್ನಷ್ಟೇ ಹೋಲಿಸುವುದು ಸಾಲದು. ವಸತಿ, ಊಟ, ಪ್ರಯಾಣ, ವಿಮೆ, ಪುಸ್ತಕ ಮತ್ತು ಪರೀಕ್ಷಾ ಶುಲ್ಕಗಳನ್ನು ಸೇರಿಸಿ ವರ್ಷಗಳ ಸಂಖ್ಯೆಯಿಂದ ಗುಣಿಸಿ, ಖಚಿತವಾಗಿ ಸಿಗುವ ವಿದ್ಯಾರ್ಥಿವೇತನವನ್ನು ಮಾತ್ರ ಅದರಿಂದ ಕಳೆಯಬೇಕು. ವಿದ್ಯಾರ್ಥಿವೇತನ ಮೊದಲ ವರ್ಷಕ್ಕಷ್ಟೇ ಇದೆಯೋ ಎಲ್ಲ ವರ್ಷಗಳಿಗೂ ಇದೆಯೋ, ಮುಂದುವರಿಯಲು ಎಷ್ಟು ಅಂಕ ಬೇಕು ಎಂಬುದನ್ನು ತಿಳಿಯದೆ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಜರ್ಮನಿಯ ಬಹುತೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಬೋಧನಾ ಶುಲ್ಕವಿಲ್ಲ. ಆದರೂ ಜೀವನ ವೆಚ್ಚ, ಹೆಚ್ಚಿನ ಪದವಿ ಕೋರ್ಸ್‌ಗಳಿಗೆ ಬೇಕಾದ ಜರ್ಮನ್ ಭಾಷಾ ಕಲಿಕೆ, ಅದಕ್ಕೆ ಹಿಡಿಯುವ ಸಮಯ ಇವುಗಳಿಗೂ ಬೆಲೆಯಿದೆ.

ಸಾಲದ ವಿಷಯದಲ್ಲಿ ಸಲಹೆಗಾರರು ಸಾಮಾನ್ಯವಾಗಿ ಹೇಳುವ ಮಿತಿಯೊಂದಿದೆ: ಪದವಿಯ ಒಟ್ಟು ಸಾಲ ಮೊದಲ ವರ್ಷದ ನಿರೀಕ್ಷಿತ ವೇತನವನ್ನು ಮೀರಬಾರದು. ಇದನ್ನು ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷದ ಸಮಾನ ಕಂತುಗಳಲ್ಲಿ ತೀರಿಸುವ ಸಾಲಕ್ಕೆ, ಪ್ರತಿ 100ಕ್ಕೆ ಒಟ್ಟು ಸುಮಾರು 159 ಕಟ್ಟಬೇಕಾಗುತ್ತದೆ. ಸಾಲ ಒಂದು ವರ್ಷದ ವೇತನದಷ್ಟಿದ್ದರೆ ತಿಂಗಳ ಕಂತು ತಿಂಗಳ ವೇತನದ ಸುಮಾರು ಶೇ. 16 ಆಗುತ್ತದೆ, ಸಾಲ ಎರಡು ವರ್ಷದ ವೇತನದಷ್ಟಾದರೆ ಶೇ. 32. ಬಾಡಿಗೆ ಮತ್ತು ತೆರಿಗೆಯ ಜೊತೆಗೆ ವೇತನದ ಸುಮಾರು ಮೂರನೆಯ ಒಂದು ಭಾಗವನ್ನೂ ಕಂತಿಗೆ ತೆತ್ತು ಹತ್ತು ವರ್ಷ ಬಾಳುವುದೆಂದರೆ, ಇಷ್ಟವಿಲ್ಲದ ಕೆಲಸವನ್ನು ಬಿಡುವ, ಸ್ವಂತ ಉದ್ಯಮ ಆರಂಭಿಸುವ, ಮುಂದೆ ಓದುವ ಸ್ವಾತಂತ್ರ್ಯವನ್ನೆಲ್ಲ ಒತ್ತೆಯಿಟ್ಟಂತೆ. ಈ ಲೆಕ್ಕಕ್ಕೆ ನಿರೀಕ್ಷಿತ ವೇತನವನ್ನು ಹಿಡಿಯುವಾಗಲೂ ಆ ಕೋರ್ಸಿನ ಮಧ್ಯಾಂಕ ವೇತನವನ್ನೇ ಹಿಡಿಯಬೇಕು. ವಿದೇಶದಲ್ಲಿ ಓದಿ ಸ್ವದೇಶದಲ್ಲಿ ದುಡಿಯುವ ಸಾಧ್ಯತೆಯಿದ್ದರೆ, ಸಾಲವನ್ನು ಸ್ವದೇಶದ ವೇತನಕ್ಕೆ ಹೋಲಿಸಬೇಕು. ಅಲ್ಲಿಯ ಉದ್ಯೋಗ ಪರವಾನಗಿಯ ನಿಯಮಗಳು ಓದು ಮುಗಿಯುವಷ್ಟರಲ್ಲಿ ಬದಲಾಗಬಹುದು.

ಯಾರಿಗೆ ಯಾವುದು

ಹಣ ಸೀಮಿತವಾಗಿದ್ದು ಬೇಗ ಸ್ಥಿರವಾದ ಗಳಿಕೆ ಬೇಕಾದವರಿಗೆ ಮನೆಯಿಂದಲೇ ಹೋಗಿಬರಬಹುದಾದ ಸಾರ್ವಜನಿಕ ಕಾಲೇಜಿನ ಬಿ.ಕಾಂ. ಮತ್ತು ಅದರ ಜೊತೆಗೆ ಒಂದು ವೃತ್ತಿಪರ ಅರ್ಹತೆ, ನನಗೆ ತೋರುವಂತೆ, ಎಲ್ಲಕ್ಕಿಂತ ಸೂಕ್ತ. ದುಬಾರಿ ಖಾಸಗಿ ಬಿಬಿಎಗೆ ಸಾಲ ಮಾಡುವುದಕ್ಕಿಂತ ಇದು ಹೆಚ್ಚು ಭದ್ರ. ಯಾವ ಕ್ಷೇತ್ರವೆಂದು ಇನ್ನೂ ತೀರ್ಮಾನವಾಗದವರು, ವೆಚ್ಚವನ್ನು ಭರಿಸಲು ಸಾಧ್ಯವಿದ್ದರೆ, ವಿಷಯವನ್ನು ತಡವಾಗಿ ಆರಿಸಲು ಬಿಡುವ ನಾಲ್ಕು ವರ್ಷದ ಕೋರ್ಸಿಗೆ ಹೋಗಬಹುದು. ಸಾಧ್ಯವಿಲ್ಲದಿದ್ದರೆ ಅರ್ಥಶಾಸ್ತ್ರ ಅವರಿಗೆ ಒಳ್ಳೆಯ ತಂಗುದಾಣ. ಹೂಡಿಕೆ ಬ್ಯಾಂಕಿಂಗ್ ಅಥವಾ ಸಲಹಾ ಸಂಸ್ಥೆಗಳ ಮೇಲೆ ಕಣ್ಣಿಟ್ಟವರು ಮಾತ್ರ ಸಂಸ್ಥೆಯ ಹೆಸರಿಗೆ ಹೆಚ್ಚಿನ ತೂಕ ಕೊಡಬೇಕು, ಆದರೆ ಆ ಕಂಪನಿಗಳು ಆ ಕ್ಯಾಂಪಸ್ಸಿಗೆ ಪದವಿ ವಿದ್ಯಾರ್ಥಿಗಳನ್ನು ನೇಮಿಸಿಕೊಳ್ಳಲು ನಿಜವಾಗಿ ಬರುತ್ತವೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಕುಟುಂಬದ ವ್ಯವಹಾರವನ್ನು ಮುಂದುವರಿಸುವವರಿಗೆ ಬಿಬಿಎಯ ವಿಸ್ತಾರವೇ ಅನುಕೂಲವಾಗಿ ಪರಿಣಮಿಸುತ್ತದೆ, ಏಕೆಂದರೆ ಅವರು ಸಂದರ್ಶನಕ್ಕೆ ಹೋಗಬೇಕಾಗಿಲ್ಲ, ಎಲ್ಲ ವಿಭಾಗಗಳನ್ನೂ ತಾವೇ ನೋಡಿಕೊಳ್ಳಬೇಕು. ಆದರೆ ತೆರಿಗೆ ಮತ್ತು ವಾಣಿಜ್ಯ ಕಾನೂನಿನ ಪತ್ರಿಕೆಗಳನ್ನು ಅವರು ತಪ್ಪದೆ ತೆಗೆದುಕೊಳ್ಳಬೇಕು. ಸ್ವಂತ ಉದ್ಯಮ ಕಟ್ಟುವ ಕನಸಿನವರು 'ಉದ್ಯಮಶೀಲತೆ' ಎಂಬ ಹೆಸರಿನ ಪದವಿಗೆ ಮಾರುಹೋಗದೆ, ತಾವು ತಯಾರಿಸಲಿರುವ ವಸ್ತು ಅಥವಾ ಸೇವೆಗೆ ಬೇಕಾದ ವಿಷಯವನ್ನು ಮುಖ್ಯವಾಗಿಯೂ ಬಿಸಿನೆಸ್ಸನ್ನು ಉಪವಿಷಯವಾಗಿಯೂ ಓದುವುದು ಮೇಲು. ಈಗಾಗಲೇ ಕೆಲಸದಲ್ಲಿರುವವರು ಮಾನ್ಯತೆಯಿರುವ ದೂರಶಿಕ್ಷಣವನ್ನು ಹಿಂಜರಿಯದೆ ಆರಿಸಬಹುದು.

ಇಷ್ಟೆಲ್ಲ ತೂಗಿದ ಮೇಲೂ ಎರಡು ಆಯ್ಕೆಗಳು ಸಮವಾಗಿ ನಿಂತರೆ, ಎರಡೂ ಕಡೆಯ ಎರಡನೆಯ ವರ್ಷದ ವಿದ್ಯಾರ್ಥಿಗಳೊಡನೆ ಮಾತನಾಡಬೇಕು. ಕಾಲೇಜೇ ಆರಿಸಿ ಕಳುಹಿಸಿದವರಿಗಿಂತ ತಾವಾಗಿ ಹುಡುಕಿದವರ ಮಾತು ಹೆಚ್ಚು ವಿಶ್ವಾಸಾರ್ಹ. ತರಗತಿಯಲ್ಲಿ ಎಷ್ಟು ಮಂದಿ ಇರುತ್ತಾರೆ, ಪಾಠ ಮಾಡುವವರು ಪೂರ್ಣಕಾಲಿಕ ಅಧ್ಯಾಪಕರೇ, ಬಯಸಿದ ಐಚ್ಛಿಕ ವಿಷಯ ವಾಸ್ತವದಲ್ಲಿ ಸಿಗುತ್ತದೆಯೇ ಅಥವಾ ಕೈಪಿಡಿಯಲ್ಲಿ ಮಾತ್ರ ಇದೆಯೇ, ಮೊದಲ ಬೇಸಿಗೆಯಲ್ಲಿ ಎಷ್ಟು ಮಂದಿಗೆ ಇಂಟರ್ನ್‌ಶಿಪ್ ಸಿಕ್ಕಿತು ಎಂದು ಕೇಳಬೇಕು. ಮುಂಗಡ ಹಣ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯುವುದು ಅವಶ್ಯಕ: ಪ್ರವೇಶ ರದ್ದುಪಡಿಸಿದರೆ ಎಷ್ಟು ಹಣ, ಯಾವ ದಿನಾಂಕದವರೆಗೆ ಮರಳುತ್ತದೆ, ಮುಂದಿನ ವರ್ಷಗಳಲ್ಲಿ ಶುಲ್ಕ ಎಷ್ಟರವರೆಗೆ ಏರಬಹುದು, ಮೊದಲ ವರ್ಷದ ಕೊನೆಯಲ್ಲಿ ವಿಷಯ ಬದಲಿಸಲು ಯಾವ ಷರತ್ತುಗಳಿವೆ. ಈ ಮೂರಕ್ಕೂ ಲಿಖಿತ ಉತ್ತರ ಕೊಡಲು ಹಿಂದೇಟು ಹಾಕುವ ಸಂಸ್ಥೆಗೆ, ಕೊನೆಯ ದಿನಾಂಕ ಎಷ್ಟೇ ಹತ್ತಿರವಿದ್ದರೂ ಹಣ ಕಟ್ಟಬಾರದು.